ಬಿಸಿಲು, ಸುಣ್ಣದ ಗೋಡೆ, ಉಬ್ಬುಹಲ್ಲಿನ ನಗು: ಪಸೋಲಿನಿಯ ‘ಡೆಕಮೆರಾನ್’ ಹಾಗೇಕೆ ಕಾಣುತ್ತದೆ?

ಪ್ರಶ್ನೆ: ನಾನು ಧಾರವಾಡದಲ್ಲಿ ಚಿತ್ರಕಲೆ ಓದಿದವನು. ಪಾಳೆಯಗಾರರ ಕಾಲದಲ್ಲಿ ನಡೆಯುವ ಮೂರು ಶೃಂಗಾರ ಕಥೆಗಳನ್ನು ಒಂದೇ ಚಿತ್ರವಾಗಿ ಪೋಣಿಸಬೇಕೆಂದು ನಾವು ನಾಲ್ವರು ಗೆಳೆಯರು ಹೊರಟಿದ್ದೇವೆ. ಮಾದರಿಗೆಂದು ಇಟಲಿಯ ನಿರ್ದೇಶಕ ಪಸೋಲಿನಿಯ ‘ಡೆಕಮೆರಾನ್’ ಚಿತ್ರ ನೋಡಿ ಗೊಂದಲಕ್ಕೆ ಬಿದ್ದೆವು. ಬಣ್ಣವೆಲ್ಲ ಧೂಳು ಹಿಡಿದ ಹಳದಿಯಂತಿದೆ. ನಟರ ಹಲ್ಲು ಹುಳುಕು, ತುಟಿಗೂ ಮಾತಿಗೂ ತಾಳೆಯಿಲ್ಲ, ಕ್ಯಾಮೆರಾ ಅಲ್ಲಲ್ಲಿ ಅಲುಗುತ್ತದೆ. ಪ್ರಣಯದ ದೃಶ್ಯಗಳಲ್ಲಿ ಮಂದ ಬೆಳಕೂ ಇಲ್ಲ, ರೇಷ್ಮೆ ಪರದೆಯೂ ಇಲ್ಲ. ಪ್ರಿಂಟ್ ಹಳತಾಗಿ ಹೀಗಾಗಿದೆ ಎನ್ನುತ್ತಾನೆ ಒಬ್ಬ ಗೆಳೆಯ, ದುಡ್ಡಿಲ್ಲದೆ ಮಾಡಿದ ಚಿತ್ರ ಎನ್ನುತ್ತಾನೆ ಇನ್ನೊಬ್ಬ, ಇಟಲಿಯ ಭಿತ್ತಿಚಿತ್ರಗಳ ಪಡಿಯಚ್ಚು ಎನ್ನುತ್ತಾಳೆ ಮೂರನೆಯವಳು. ಯಾರದು ಸರಿ? ಡಿಐನಲ್ಲಿ, ಅಂದರೆ ಚಿತ್ರೀಕರಣ ಮುಗಿದ ಮೇಲೆ ಕಂಪ್ಯೂಟರಿನಲ್ಲಿ, ಬಣ್ಣ ತಿದ್ದಿ ನಾವೂ ಆ ನೋಟವನ್ನು ತರಬಹುದೇ? ಬರಿಮೈಯ ದೃಶ್ಯಗಳು ಅಗ್ಗವಾಗಿ ಕಾಣದಂತೆ ತೆಗೆಯುವುದು ಹೇಗೆ?

ಉತ್ತರ: ಪ್ರಶ್ನೆಗಳು ಹಲವಿದ್ದರೂ ನಿಮ್ಮ ಅಳುಕು ಒಂದೇ ಎಂದು ನನಗೆ ತೋರುತ್ತದೆ. ಆ ಚಿತ್ರದ ಒರಟುತನ ಬೇಕೆಂದೇ ತಂದದ್ದೋ ಅಥವಾ ಕೈಲಾಗದೆ ಉಳಿದದ್ದೋ ಎಂಬುದು ಗೊತ್ತಾಗದೆ ಅದನ್ನು ಅನುಸರಿಸಿದರೆ, ನೋಡುವವರು ನಿಮ್ಮನ್ನು ಕಲಾವಿದರೆನ್ನುವ ಬದಲು ಕೆಲಸ ಬಾರದವರೆಂದು ತಿಳಿದಾರು ಎಂಬ ಭಯ ಅದು. ಇಪ್ಪತ್ತೈದು ವರ್ಷ ಕ್ಯಾಮೆರಾದ ಹಿಂದೆ ನಿಂತ ನನಗೂ ಈ ಭಯ ಹೊಸದಲ್ಲ. ಮೊದಲ ಸಲ ಈ ಚಿತ್ರವನ್ನು ನೋಡಿದಾಗ, ಪಾತ್ರಧಾರಿಗಳ ಮುಖಕ್ಕೆ ಒಂದು ಥರ್ಮೋಕೋಲ್ ಹಿಡಿಯಲಿಕ್ಕೂ ಇವರಿಗೆ ಪುರುಸೊತ್ತಿರಲಿಲ್ಲವೇ ಎಂದು ನಾನೂ ಅಂದುಕೊಂಡಿದ್ದೆ.

ಚಿತ್ರವನ್ನು ನೋಡದ ಓದುಗರಿಗಾಗಿ ಎರಡು ಮಾತು. ಇಟಲಿಯ ಕಥೆಗಾರ ಬೊಕಾಚಿಯೊ 14ನೆಯ ಶತಮಾನದ ನಡುವಿನಲ್ಲಿ ಬರೆದ ಮೂಲಕೃತಿಯಲ್ಲಿ, 1348ರ ಪ್ಲೇಗಿಗೆ ಹೆದರಿ ಫ್ಲಾರೆನ್ಸ್ ನಗರ ಬಿಟ್ಟ ಹತ್ತು ಮಂದಿ ಸಿರಿವಂತ ತರುಣ ತರುಣಿಯರು ಹತ್ತು ದಿನ ಹೇಳಿಕೊಳ್ಳುವ ನೂರು ಕಥೆಗಳಿವೆ. ಪಸೋಲಿನಿ 1971ರಲ್ಲಿ ಅವುಗಳಿಂದ ಬೆರಳೆಣಿಕೆಯಷ್ಟನ್ನು ಆರಿಸಿಕೊಂಡು, ಕಥೆ ಹೇಳುವ ಆ ಶ್ರೀಮಂತರ ಬಳಗವನ್ನೇ ಕೈಬಿಟ್ಟು, ಇಡೀ ಲೋಕವನ್ನು ನೇಪಲ್ಸಿನ ಬಡವರ ಓಣಿಗಳಿಗೆ ಮತ್ತು ಅವರ ಆಡುಮಾತಿಗೆ ಇಳಿಸಿದ. ಕಥೆಗಳನ್ನು ಹೊಲಿಯುವ ದಾರವಾಗಿ ಇಬ್ಬರಿದ್ದಾರೆ. ಮೊದಲರ್ಧದಲ್ಲಿ ಸಾಯುವಾಗ ಸುಳ್ಳು ತಪ್ಪೊಪ್ಪಿಗೆ ಹೇಳಿ ಸಂತನೆನಿಸಿಕೊಳ್ಳುವ ಚಪ್ಪೆಲೆತ್ತೊ ಎಂಬ ಪಾಪಿ, ಎರಡನೆಯ ಅರ್ಧದಲ್ಲಿ ಚರ್ಚಿನ ಗೋಡೆಗೆ ಚಿತ್ರ ಬರೆಯಲು ಬಂದ, ಮಹಾಚಿತ್ರಕಾರ ಜೊತ್ತೊನ ಶಿಷ್ಯ. ಈ ಶಿಷ್ಯನ ಪಾತ್ರವನ್ನು ಪಸೋಲಿನಿಯೇ ವಹಿಸಿದ್ದಾನೆ.

ಪ್ರಿಂಟಿನ ವಾದವನ್ನು ಬೇಗ ಮುಗಿಸಬಹುದು. ಆ ಕಾಲದ ಈಸ್ಟ್‌ಮನ್‌ಕಲರ್ ಪ್ರಿಂಟುಗಳಲ್ಲಿ ಎಲ್ಲಕ್ಕಿಂತ ಮೊದಲು ಅಳಿಯುತ್ತಿದ್ದುದು ಸಯಾನ್ ಎಂಬ ನೀಲಿಹಸುರು ಬಣ್ಣ. ಅದು ಅಳಿದರೆ ಚಿತ್ರ ಹಳದಿಗೆ ತಿರುಗುವುದಿಲ್ಲ, ಗುಲಾಬಿಗೆಂಪಾಗುತ್ತದೆ. ಹಳೆಯ ಟೂರಿಂಗ್ ಟಾಕೀಸುಗಳಲ್ಲಿ ಆಕಾಶವೂ ನಾಯಕಿಯ ಸೀರೆಯೂ ಒಂದೇ ನಸುಗೆಂಪಾಗಿ ಕಂಡದ್ದು ಹಿರಿಯ ಓದುಗರಿಗೆ ನೆನಪಿರಬಹುದು. ನೀವು ಕಂಡ ಮಣ್ಣುಹಳದಿ ಚಿತ್ರೀಕರಣದ ಜಾಗದಲ್ಲಿ, ಬಟ್ಟೆಯಲ್ಲಿ, ಗೋಡೆಯಲ್ಲಿ ಇದ್ದದ್ದು. ಮರುಸಂಸ್ಕರಿಸಿದ ಆವೃತ್ತಿಗಳಲ್ಲಿ ಅದು ತುಸು ಹೆಚ್ಚು ಕಡಿಮೆ ಕಾಣಬಹುದು, ಆದರೆ ಅದರ ಹುಟ್ಟು ಲ್ಯಾಬಿನಲ್ಲಿ ಆದದ್ದಲ್ಲ.

ದುಡ್ಡಿಲ್ಲದ, ಕೈಲಾಗದವರ ಕೆಲಸ ಎಂಬ ವಾದ ಚಿತ್ರತಂಡದ ಹೆಸರುಗಳನ್ನು ಕಂಡರೆ ನಿಲ್ಲುವುದಿಲ್ಲ. ಛಾಯಾಗ್ರಾಹಕ ತೊನಿನೊ ದೆಲ್ಲಿ ಕೊಲ್ಲಿ 1952ರಲ್ಲೇ ಇಟಲಿಯ ಮೊದಮೊದಲ ಪೂರ್ಣಾವಧಿ ಬಣ್ಣದ ಚಿತ್ರಗಳಲ್ಲೊಂದನ್ನು ಸೆರೆಹಿಡಿದವನು, ಸೆರ್ಜಿಯೊ ಲಿಯೋನೆಯ ದೊಡ್ಡ ಕೌಬಾಯ್ ಚಿತ್ರಗಳಿಗೂ ಕ್ಯಾಮೆರಾ ಹಿಡಿದವನು. ಕಲಾನಿರ್ದೇಶಕ ದಾಂತೆ ಫೆರೆತ್ತಿ ಮುಂದೆ 3 ಆಸ್ಕರ್ ಗೆದ್ದ. ಉಡುಪಿನ ಹೊಣೆ ಹೊತ್ತ ದನಿಲೊ ದೊನಾತಿಗೆ ಈ ಚಿತ್ರಕ್ಕೂ ಮುಂಚೆಯೇ ಒಂದು ಆಸ್ಕರ್ ಬಂದಿತ್ತು. ಇಂಥವರು ಮುಖಕ್ಕೆ ಬೆಳಕು ತುಂಬಿಲ್ಲವೆಂದರೆ, ತುಂಬುವುದು ಬೇಡವೆಂದು ತೀರ್ಮಾನಿಸಿದ್ದಾರೆ ಎಂದೇ ಅರ್ಥ. ತುಟಿ ಮತ್ತು ಮಾತಿನ ವಿಚಾರ ಬೇರೆ. ಚಿತ್ರೀಕರಣ ಮುಗಿದ ಮೇಲೆ ಮಾತು ಕೂರಿಸುವುದು ಆಗ ಇಟಲಿಯ ಉದ್ಯಮದಲ್ಲೆಲ್ಲ ಇದ್ದ ರೂಢಿ. ನಮ್ಮ ಡಬ್ಬಿಂಗ್ ಥಿಯೇಟರುಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಟನೆ ಗೊತ್ತಿಲ್ಲದ ಊರ ಜನರನ್ನು ಪಾತ್ರಕ್ಕೆ ತರಲು ಈ ರೂಢಿ ಪಸೋಲಿನಿಗೆ ಅನುಕೂಲವಾಯಿತು.

ನಿಮ್ಮ ಮೂರನೆಯ ಗೆಳತಿಯ ಮಾತು ಸತ್ಯಕ್ಕೆ ಹತ್ತಿರದಲ್ಲಿದ್ದರೂ ‘ಪಡಿಯಚ್ಚು’ ಎಂಬ ಶಬ್ದ ಸರಿಯಲ್ಲ. ಚಿತ್ರದಲ್ಲಿ ನೇರವಾಗಿ ವರ್ಣಚಿತ್ರಗಳಿಂದ ಎತ್ತಿಕೊಂಡ ದೃಶ್ಯಗಳು ಕೆಲವಷ್ಟೇ. ಒಂದು ರಾತ್ರಿ ಹಾಸಿಗೆಯಿಂದ ಎದ್ದ ಶಿಷ್ಯನಿಗೆ ಅಂತಿಮ ತೀರ್ಪಿನ ದರ್ಶನವಾಗುತ್ತದೆ. ಪಾದುವಾದ ಸ್ಕ್ರೊವೆನ್ಯಿ ಪ್ರಾರ್ಥನಾಮಂದಿರದಲ್ಲಿ ಜೊತ್ತೊ 1305ರ ಸುಮಾರಿಗೆ ಬರೆದ ಭಿತ್ತಿಚಿತ್ರವನ್ನೇ ಜೀವಂತ ಜನರಿಂದ ಕಟ್ಟಿದ ದೃಶ್ಯ ಅದು. ಆದರೆ ಮೂಲದಲ್ಲಿ ನಡುವೆ ಕ್ರಿಸ್ತನಿದ್ದರೆ ಇಲ್ಲಿ ಮೇರಿಮಾತೆ ಇದ್ದಾಳೆ, ಮತ್ತು ಆಕೆ ಆ ಕಾಲದ ಹೆಸರಾಂತ ತಾರೆ ಸಿಲ್ವಾನಾ ಮಂಗಾನೊ. ಮೊದಲರ್ಧದಲ್ಲಿ ಬರುವ ಸಂತೆಗುಂಪಿನಂಥ ದೃಶ್ಯದ ಮೂಲ ಬ್ರೂಗೆಲ್‌ನ ಚಿತ್ರಗಳು. ಬ್ರೂಗೆಲ್ 16ನೆಯ ಶತಮಾನದವನು, ಅದರಲ್ಲೂ ಉತ್ತರ ಯುರೋಪಿನವನು. ಕಾಲನಿಷ್ಠೆಯನ್ನೇ ಹಿಡಿದು ಕೂತವರು ಇನ್ನೂರು ವರ್ಷ ಆಚೆಯಿಂದ ಚಿತ್ರ ತಂದು ಇಲ್ಲಿ ಹಾಕುತ್ತಿರಲಿಲ್ಲ.

ಹಾಗಾದರೆ ಆ ನೋಟದ ಮೂಲ ಎಲ್ಲಿದೆ? ಚಿತ್ರ ನಿರ್ದೇಶನಕ್ಕೆ ಇಳಿಯುವ ಇಪ್ಪತ್ತು ವರ್ಷ ಮೊದಲು, ಬೊಲೊನ್ಯ ವಿಶ್ವವಿದ್ಯಾಲಯದಲ್ಲಿ ಪಸೋಲಿನಿ ಕಲಾ ಇತಿಹಾಸಕಾರ ರೊಬೆರ್ತೊ ಲೊಂಗಿಯ ವಿದ್ಯಾರ್ಥಿಯಾಗಿದ್ದ. ಕತ್ತಲೆ ಕೋಣೆಯಲ್ಲಿ ಲೊಂಗಿ ಸ್ಲೈಡುಗಳನ್ನು ಒಂದರ ಮೇಲೊಂದು ತೋರಿಸುತ್ತ ಮಸಾಚೊ ಮೊದಲಾದ ಹಳೆಯ ಚಿತ್ರಕಾರರ ಬಗ್ಗೆ ಕೊಟ್ಟ ಉಪನ್ಯಾಸಗಳೇ ತನ್ನ ಕಣ್ಣನ್ನು ರೂಪಿಸಿದವೆಂಬುದನ್ನು ಪಸೋಲಿನಿ ಕೊನೆಯವರೆಗೂ ಮರೆಯಲಿಲ್ಲ. ತನ್ನ ಎರಡನೆಯ ಚಿತ್ರವನ್ನು ಅವನು ಆ ಗುರುವಿಗೇ ಅರ್ಪಿಸಿದ. ಅವನಿಗೆ ದಕ್ಕಿದ್ದು ಚಿತ್ರಗಳ ವಸ್ತುವಿಗಿಂತ ಹೆಚ್ಚಾಗಿ ಅವು ಮನುಷ್ಯನನ್ನು ನಿಲ್ಲಿಸುವ ರೀತಿ. ನೇರ ಎದುರಿಗೆ, ಹಿನ್ನೆಲೆಯಲ್ಲಿ ಹೆಚ್ಚು ಆಳವಿಲ್ಲದೆ, ಮೈಯ ಭಾರ ನೋಡುವವರಿಗೆ ತಟ್ಟುವಂತೆ. ಮೊದಲ ಚಿತ್ರದಲ್ಲಿ 50 ಮತ್ತು 75 ಎಂಎಂ ಲೆನ್ಸುಗಳನ್ನೇ ಅವನು ನೆಚ್ಚಿಕೊಂಡದ್ದೂ ಇದಕ್ಕೇ. ಅಗಲ ಲೆನ್ಸು ಮುಖವನ್ನು ಜಾಗದೊಳಗೆ ಕರಗಿಸುತ್ತದೆ, ಇವು ಮುಖವನ್ನು ಗೋಡೆಗೆ ಒತ್ತಿ ತೂಕ ಕೊಡುತ್ತವೆ.

ಈ ಮಾತಿಗೆ ಚಿತ್ರದೊಳಗೇ ಪುರಾವೆಯಿದೆ, ಇನ್ನೊಮ್ಮೆ ನೋಡುವಾಗ ಗಮನಿಸಿ. ಬಿಳಿಯ ಪಟ್ಟಿಯನ್ನು ತಲೆಗೆ ಕಟ್ಟಿಕೊಂಡ ಶಿಷ್ಯ ಕೆಲಸ ಬಿಟ್ಟು ಸಂತೆಗೆ ಹೋಗುತ್ತಾನೆ. ಅಲ್ಲಿ ನಿಂತು ತನ್ನ ಬೆರಳುಗಳನ್ನೇ ಚೌಕಟ್ಟು ಮಾಡಿ, ಕೊಳ್ಳುವವರ ಮಾರುವವರ ಮುಖಗಳನ್ನು ಅದರೊಳಗಿಂದ ಒಂದೊಂದಾಗಿ ಅಳೆಯುತ್ತಾನೆ. ಹಾಗೆ ಕಂಡ ಮುಖಗಳು ಆಮೇಲೆ ಚರ್ಚಿನ ಗೋಡೆಗೆ ಏರುತ್ತವೆ. ನಿರ್ದೇಶಕ ಪಾತ್ರಧಾರಿಗಳನ್ನು ಆರಿಸುವ ಕೆಲಸವನ್ನೇ ಚಿತ್ರಕಾರನ ಕೈಗೆ ಕೊಟ್ಟು ತೋರಿಸಿದ ದೃಶ್ಯ ಇದು. ಅಂದಹಾಗೆ, ಈ ಶಿಷ್ಯನ ಪಾತ್ರ ಹುಟ್ಟಿದ್ದು ಬೊಕಾಚಿಯೊ ಜೊತ್ತೊನ ಬಗೆಗೇ ಹೇಳಿದ ಪುಟ್ಟ ಕಥೆಯಿಂದ. ನೋಡಲು ಬಲು ಕುರೂಪಿಯಾದ ಮನುಷ್ಯನಲ್ಲೂ ಪ್ರಕೃತಿ ಎಂಥ ಪ್ರತಿಭೆಯನ್ನು ಬಚ್ಚಿಟ್ಟಿರುತ್ತದೆ ಎಂಬುದೇ ಆ ಕಥೆಯ ಸಾರ. ನಿಮಗೆ ಇರಿಸುಮುರಿಸು ತಂದ ಹುಳುಕು ಹಲ್ಲು, ಉಬ್ಬುಹಲ್ಲು, ಬಿಸಿಲಿಗೆ ಒಡೆದ ತುಟಿಗಳು ಆ ಕಥೆಗೆ ಹೊರಗಿನವಲ್ಲ. ಕ್ಯಾಮೆರಾ ಇವುಗಳ ಮುಂದೆ, ಕಥೆಗೆ ಬೇಕಾದುದಕ್ಕಿಂತ ಎರಡು ಕ್ಷಣ ಹೆಚ್ಚು ನಿಲ್ಲುತ್ತದೆ.

ಬಣ್ಣದ ಲೆಕ್ಕವನ್ನೂ ಗೋಡೆಯಿಂದಲೇ ಹಿಡಿಯಬಹುದು. ಹಸಿ ಗಾರೆಯ ಮೇಲೆ ಚಿತ್ರ ಬರೆಯುವವನು ಆ ದಿನ ಮುಗಿಸಬಲ್ಲಷ್ಟು ಜಾಗಕ್ಕೆ ಮಾತ್ರ ಗಾರೆ ಬಳಿದುಕೊಳ್ಳುತ್ತಾನೆ. ಗಾರೆ ಒಣಗುವುದರೊಳಗೆ ಬಣ್ಣ ಅದರಲ್ಲಿ ಇಂಗಬೇಕು. ಸುಣ್ಣದ ಕ್ಷಾರಕ್ಕೆ ತಾಳುವುದು ಹೆಚ್ಚಾಗಿ ಮಣ್ಣಿನ ಬಣ್ಣಗಳು: ಕೆಮ್ಮಣ್ಣು, ಹಳದಿ ಮಣ್ಣು, ಹಸುರು ಮಣ್ಣು, ಸುಣ್ಣದ್ದೇ ಬಿಳಿ. ಆ ಕಾಲದ ಅಜುರೈಟ್ ನೀಲಿಯನ್ನು ಗಾರೆ ಒಣಗಿದ ಮೇಲೆ ಅಂಟು ಬೆರೆಸಿ ಹಚ್ಚುತ್ತಿದ್ದರು, ಹಾಗಾಗಿಯೇ ಎಷ್ಟೋ ಭಿತ್ತಿಚಿತ್ರಗಳಲ್ಲಿ ಮೊದಲು ಉದುರಿಹೋಗುವುದು ನೀಲಿ. ಈಗ ಚಿತ್ರದ ಬಣ್ಣಗಳನ್ನು ನೆನಪಿಸಿಕೊಳ್ಳಿ. ಕಂದು, ಮಾಸಿದ ಬಿಳಿ, ಇಟ್ಟಿಗೆಗೆಂಪು ಎಲ್ಲೆಲ್ಲೂ ಇವೆ, ಗಾಢ ಬಣ್ಣ ಬಂದರೆ ಹಬ್ಬದಂತೆ ಬರುತ್ತದೆ. ಫೆರೆತ್ತಿ ಮತ್ತು ದೊನಾತಿ ಇದನ್ನು ಮಣ್ಣುಬಣ್ಣಗಳ ಪಟ್ಟಿ ಇಟ್ಟುಕೊಂಡೇ ಮಾಡಿದರೆಂದು ನಾನು ಹೇಳುತ್ತಿಲ್ಲ. ಕಾಸೆರ್ತವೆಕ್ಕಿಯಂಥ ಹಳೆಯ ಕಲ್ಲಿನ ಊರುಗಳಲ್ಲಿ ಚಿತ್ರೀಕರಿಸಿದಾಗ ಗೋಡೆ, ನೆಲ, ಚರ್ಮ ಎಲ್ಲ ಒಂದೇ ಮನೆತನದವಾಗಿ ಕಾಣುತ್ತವೆ, ಉಡುಪು ಆ ಮನೆತನವನ್ನು ಕೆಡಿಸದಂತೆ ನೋಡಿಕೊಂಡಿದ್ದಾರೆ.

ಇನ್ನು ನಿಮ್ಮ ನಿಜವಾದ ಪ್ರಶ್ನೆ, ಪ್ರಣಯದ ದೃಶ್ಯಗಳು. ನನ್ನ ದೃಷ್ಟಿಯಲ್ಲಿ ಈ ಚಿತ್ರದ ಶೈಲಿಯನ್ನು ಒಂದೇ ವಾಕ್ಯದಲ್ಲಿ ಹೇಳುವುದಾದರೆ, ಇಲ್ಲಿ ದೇಹಕ್ಕೆಂದು ಬೇರೆ ಬೆಳಕಿಲ್ಲ. ರೊಟ್ಟಿಯ ಬುಟ್ಟಿಗೆ, ಕತ್ತೆಯ ಬೆನ್ನಿಗೆ, ಮಠದ ತೋಟದ ಗೋಡೆಗೆ ಯಾವ ಬೆಳಕಿದೆಯೋ ಅದೇ ಬೆಳಕು ಬರಿಮೈಗೂ ಇದೆ. ಕತೆರೀನಾಳ ಪ್ರಸಂಗವನ್ನೇ ನೋಡಿ. ಕೋಗಿಲೆಯಂಥ ಹಾಡುಹಕ್ಕಿಯ ದನಿ ಕೇಳಬೇಕೆಂಬ ನೆವ ಹೇಳಿ ಅವಳು ರಾತ್ರಿ ಮಾಳಿಗೆಯ ಮೇಲೆ ಮಲಗುತ್ತಾಳೆ, ಪ್ರಿಯಕರ ಹತ್ತಿ ಬರುತ್ತಾನೆ. ಮುಖ್ಯವಾದ ದೃಶ್ಯ ಇರುವುದು ಬೆಳಗಾದ ಮೇಲೆ. ಇಬ್ಬರೂ ಬರಿಮೈಯಲ್ಲಿ ಗಾಢನಿದ್ದೆಯಲ್ಲಿದ್ದಾರೆ. ಅಪ್ಪ ಬಂದು ನೋಡುತ್ತಾನೆ, ಸದ್ದು ಮಾಡದೆ ಹೋಗಿ ಅವ್ವನನ್ನು ಕರೆತರುತ್ತಾನೆ, ಹುಡುಗ ಸಿರಿವಂತನ ಮಗನೆಂಬ ಲೆಕ್ಕಾಚಾರ ಇಬ್ಬರ ಮುಖದಲ್ಲೂ ಹಾಯುತ್ತದೆ, ಅಲ್ಲೇ ಮದುವೆಯ ಮಾತು ಮುಗಿಯುತ್ತದೆ. ಹಗಲಿನ ಬೆಳಕಿನಲ್ಲಿ ನಗ್ನತೆ ಇದ್ದಕ್ಕಿದ್ದಂತೆ ಮನೆವಾರ್ತೆಯಾಗಿಬಿಡುತ್ತದೆ. ಅದೇ ದೃಶ್ಯಕ್ಕೆ ನಾನು ನೀಲಿ ಬೆಳದಿಂಗಳು ಹಾಕಿ, ಲೆನ್ಸಿಗೆ ತೆಳು ಜಾಲರಿ ಕಟ್ಟಿ, ಹೆಗಲಿನ ಕ್ಲೋಸಪ್ಪಿನಿಂದ ಶುರುಮಾಡಿದ್ದರೆ ಕಥೆಯ ನಗು ಸತ್ತು ನೋಡುಗ ಕಿಟಕಿಯಲ್ಲಿ ಇಣುಕುವವನಾಗುತ್ತಿದ್ದ.

ಇದನ್ನು ಪರೀಕ್ಷಿಸಲು ಇತಿಹಾಸವೇ ಒಂದು ಅವಕಾಶ ಕೊಟ್ಟಿದೆ. ಚಿತ್ರ ಬರ್ಲಿನ್ ಉತ್ಸವದಲ್ಲಿ ಬೆಳ್ಳಿಕರಡಿ ಪಡೆದು ಇಟಲಿಯಲ್ಲಿ ಭರ್ಜರಿಯಾಗಿ ಓಡಿದ ಮೇಲೆ, ಎರಡು ಮೂರು ವರ್ಷಗಳಲ್ಲಿ ಅದರ ಅಗ್ಗದ ಅನುಕರಣೆಗಳು ಡಜನ್ನುಗಟ್ಟಲೆ ಬಂದವು. ಅವುಗಳಿಗೆ ಅಲ್ಲಿ ‘ದೆಕಾಮೆರೋತಿಚಿ’ ಎಂಬ ಜಾತಿಹೆಸರೇ ಹುಟ್ಟಿತು. ಕಥೆಗಳು ಹೆಚ್ಚುಕಡಿಮೆ ಅವೇ, ಸನ್ಯಾಸಿನಿಯರೂ ಅವರೇ, ಮೋಸಹೋಗುವ ಗಂಡಂದಿರೂ ಅವರೇ. ನಾನು ನೋಡಿದ ಕೆಲವದರಲ್ಲಿ ಬಟ್ಟೆ ಕಳಚುವ ಹೊತ್ತಿಗೆ ಬೆಳಕು ಮೆದುವಾಗುತ್ತದೆ, ನಟಿಯ ಮುಖದಲ್ಲಿ 1970ರ ದಶಕದ ಸೌಂದರ್ಯವರ್ಧಕ ಕಾಣುತ್ತದೆ, ಕ್ಯಾಮೆರಾ ಕಥೆಯನ್ನು ಬಿಟ್ಟು ಮೈಯ ಕಡೆ ಸರಿಯುತ್ತದೆ. ಪಸೋಲಿನಿಗೂ ಇದು ಕಹಿಯಾಯಿತು. ಈ ಚಿತ್ರ ಮತ್ತು ಇದರ ಹಿಂದೆಯೇ ಬಂದ ಇನ್ನೆರಡು ಸೇರಿದ ಮೂರು ಚಿತ್ರಗಳ ಮಾಲೆಯನ್ನು ತಾನು ನಿರಾಕರಿಸುವುದಾಗಿ 1975ರಲ್ಲಿ ಬರೆದ. ಮುಗ್ಧವೆಂದು ತಾನು ನಂಬಿದ್ದ ಬಡವರ ದೇಹವನ್ನೂ ಗ್ರಾಹಕ ಸಂಸ್ಕೃತಿ ಸರಕಾಗಿಸಿಕೊಂಡಿತೆಂಬುದು ಅವನ ದುಃಖ. ಆ ಬರಹವನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಏಕೆಂದರೆ ಚಿತ್ರ ಇಂದಿಗೂ ಮುಗ್ಧವಾಗಿಯೇ ಕಾಣುತ್ತದೆ. ಆದರೆ ನಗ್ನತೆಯನ್ನು ಚಿತ್ರಿಸಹೊರಟ ಯಾರೂ ಅದನ್ನು ಓದದೆ ಮುಂದುವರಿಯಬಾರದು.

ಈಗ ನಿಮ್ಮ ಚಿತ್ರಕ್ಕೆ ಬರೋಣ. ಡಿಐನಲ್ಲಿ ಹಳದಿ ಸುರಿಯುವುದು ಎಲ್ಲಕ್ಕಿಂತ ಸುಲಭದ ದಾರಿ, ಎಲ್ಲಕ್ಕಿಂತ ಕೆಟ್ಟದ್ದೂ ಹೌದು. ಹಳದಿ ಆಗ ಗೋಡೆಗೆ ಮಾತ್ರವಲ್ಲ, ಹಲ್ಲಿಗೆ, ಕಣ್ಣಿನ ಬಿಳಿಗೆ, ಹಾಲಿನ ಚೊಂಬಿಗೆ ಎಲ್ಲಕ್ಕೂ ಬಂದು ಚಿತ್ರ ಕಾಮಾಲೆಯಾದಂತೆ ಕಾಣುತ್ತದೆ. ನಮ್ಮದೇ ಒಂದು ಚಿತ್ರದಲ್ಲಿ ಈ ಪ್ರಮಾದ ಮಾಡಿ, ಆಮೇಲೆ ಒಂದೊಂದು ಶಾಟಿನಲ್ಲೂ ಕಣ್ಣುಗಳನ್ನು ಬೇರ್ಪಡಿಸಿ ಬಿಳಿ ಮಾಡಲು ಹನ್ನೊಂದು ದಿನ ಕೂತದ್ದು ನನಗೆ ಈಗಲೂ ಮೈ ಉರಿಸುವ ನೆನಪು. ಬಣ್ಣ ಕ್ಯಾಮೆರಾದ ಮುಂದೆಯೇ ಇರಬೇಕು. ಈಗಿನ ಬಿಳಿ ಬಟ್ಟೆಗೆ ಹೊಳಪು ಕೊಡುವ ರಾಸಾಯನಿಕ ಸೇರಿರುತ್ತದೆ, ಬಿಸಿಲಿನಲ್ಲಿ ಅದು ನೀಲಿಯಾಗಿ ಮಿಂಚಿ ಕಾಲವನ್ನೇ ಕೆಡಿಸುತ್ತದೆ. ಕೈಮಗ್ಗದ ಕೋರಾ ಬಟ್ಟೆ ತಂದು ಅಳಲೆಕಾಯಿ ಕಷಾಯದಲ್ಲಿ ಒಮ್ಮೆ ಅದ್ದಿ ಒಣಗಿಸಿ, ಮಾಸಿದ ಬಿಳಿ ತಾನಾಗಿ ಬರುತ್ತದೆ. ಗೋಡೆಗೆ ಡಿಸ್ಟೆಂಪರ್ ಬೇಡ, ಸುಣ್ಣವೇ ಇರಲಿ.

ಬೆಳಕಿನಲ್ಲಿ ದೊಡ್ಡ ಅಪಾಯ ಮಧ್ಯಾಹ್ನದ್ದು. ಫಿಲ್ಮ್ ಅತಿ ಬೆಳಕನ್ನು ಮೆಲ್ಲನೆ ತಾಳಿಕೊಳ್ಳುತ್ತಿತ್ತು, ಡಿಜಿಟಲ್ ಸೆನ್ಸರ್ ಒಂದು ಹಂತ ದಾಟಿದರೆ ಬಿಳಿಯನ್ನು ಕಾಗದದಂತೆ ಬೋಳಾಗಿಸುತ್ತದೆ. ಸುಣ್ಣದ ಗೋಡೆಯನ್ನು ಉಳಿಸಿಕೊಳ್ಳಲು ಎಕ್ಸ್‌ಪೋಷರ್ ಇಳಿಸಿದರೆ ನಮ್ಮ ಜನರ ಕಪ್ಪು ಮೈಬಣ್ಣ ಕತ್ತಲಾಗುತ್ತದೆ. ಆಗ ಎಲ್ಲರೂ ರಿಫ್ಲೆಕ್ಟರಿಗೆ ಕೈ ಹಾಕುತ್ತಾರೆ, ಮುಖದ ಮೇಲೆ ಬೆಳ್ಳಿತಟ್ಟೆಯ ಹೊಳಪು ಬಂದು ಎಲ್ಲ ಕೆಡುತ್ತದೆ. ನಾನಾದರೆ ನಟರನ್ನು ನೆರಳಿನ ಅಂಚಿಗೆ ತಂದು, ಎದುರಿನ ಸುಣ್ಣದ ಗೋಡೆಯಿಂದ ಹೊಮ್ಮುವ ಬೆಳಕನ್ನೇ ಮುಖಕ್ಕೆ ಬಳಸಿಕೊಳ್ಳುತ್ತೇನೆ. ಲೆನ್ಸು, ಹಳೆಯ ಸಿನಿಮಾ ಫಿಲ್ಮಿನ ಚೌಕಟ್ಟಿಗೆ ಹತ್ತಿರವಾದ ಸೂಪರ್ 35 ಸೆನ್ಸರಿನ ಕ್ಯಾಮೆರಾದಲ್ಲಿ, 50 ಮತ್ತು 75ರ ಆಸುಪಾಸು ಇದ್ದರೆ ಸಾಕು. ಕೈಯಲ್ಲಿ ಹಿಡಿದು ತೆಗೆಯುವುದಾದರೆ ಮುಖವನ್ನು ಹಿಂಬಾಲಿಸುವಾಗ ಮಾತ್ರ ತೆಗೆಯಿರಿ. ನಿಂತ ಮನುಷ್ಯನ ಮುಂದೆ ಕಾರಣವಿಲ್ಲದೆ ಕ್ಯಾಮೆರಾ ಅಲುಗಿದರೆ ಅದು ಶೈಲಿಯಲ್ಲ, ಮೊಣಕೈ ನೋವು.

ವರ್ಣಚಿತ್ರವನ್ನು ಮಾದರಿಯಾಗಿ ಇಟ್ಟುಕೊಳ್ಳುವ ಆಸೆಯಿದ್ದರೆ ಜೊತ್ತೊನನ್ನು ಬಿಡಿ. ನಿಮ್ಮ ಕಥೆಯ ಕಾಲಕ್ಕೆ ಹತ್ತಿರವಾದ ಗೋಡೆಗಳು ತುಮಕೂರು–ಸಿರಾ ದಾರಿಯಲ್ಲಿ ಸೀಬಿಯ ನರಸಿಂಹಸ್ವಾಮಿ ದೇವಸ್ಥಾನದಲ್ಲೇ ಇವೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬೇಡಿ. ಅಲ್ಲಿನ ಮುಖಗಳು ಬಹುಪಾಲು ಪಕ್ಕನೋಟದವು, ಕಥೆ ಪಟ್ಟಿಪಟ್ಟಿಯಾಗಿ ಅಡ್ಡಕ್ಕೆ ಸಾಗುತ್ತದೆ. ಹಾಗಾಗಿ ಪಸೋಲಿನಿಯ ನೇರ ಎದುರು ನೋಟವನ್ನು ಎರವಲು ತರುವುದಕ್ಕಿಂತ, ಇಬ್ಬರು ಪ್ರೇಮಿಗಳನ್ನು ಒಂದೇ ಚೌಕಟ್ಟಿನಲ್ಲಿ ಪಕ್ಕನೋಟದಲ್ಲಿ ಕೂರಿಸಿ, ಅಡ್ಡಕ್ಕೆ ಸರಿಯುವ ಶಾಟ್ ಪ್ರಯತ್ನಿಸುವುದು ನಿಮಗೆ ಹೆಚ್ಚು ದಕ್ಕೀತು. ಇದರ ತೊಂದರೆ ಏನೆಂದರೆ ಅಂಥ ಶಾಟ್ ಬೇಗನೆ ನಾಟಕದ ಸೀನರಿಯಾಗುತ್ತದೆ. ಇಡೀ ಚಿತ್ರದಲ್ಲಿ ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ.

ನಟರ ವಿಷಯದಲ್ಲಿ ಪಸೋಲಿನಿಯ ಕಾಲದ ಸಡಿಲಿಕೆ ನಿಮಗಿಲ್ಲ, ಇರಲೂಬಾರದು. ಸಂತೆಯಲ್ಲಿ ಕಂಡ ಮುಖವನ್ನು ಜವಳಿ ವ್ಯಾಪಾರಿಯ ಪಾತ್ರಕ್ಕೆ ಕರೆತರಬಹುದು, ಬರಿಮೈಯ ದೃಶ್ಯಕ್ಕೆ ಮಾತ್ರ ಕರೆತರಬೇಡಿ. ಅಲ್ಲಿಗೆ ನಟನೆಯ ಅನುಭವವಿರುವ, ಹದಿನೆಂಟು ತುಂಬಿದ್ದಕ್ಕೆ ದಾಖಲೆ ಕೊಟ್ಟವರೇ ಬೇಕು. ಯಾವ ಶಾಟಿನಲ್ಲಿ ಏನು ಕಾಣುತ್ತದೆ ಎಂಬುದನ್ನು ಮೊದಲೇ ಬರೆದು ಸಹಿ ಮಾಡಿಸಿ, ಸೆಟ್ಟಿನಲ್ಲಿ ಮನಸ್ಸು ಬದಲಾಯಿಸುವ ಹಕ್ಕನ್ನೂ ಆ ಕಾಗದದಲ್ಲೇ ಬರೆಯಿರಿ. ಲೈಟ್‌ಬಾಯ್‌ಗಳನ್ನು ಹೊರಗೆ ಕಳುಹಿಸಿ, ಮಾನಿಟರಿಗೆ ಬಟ್ಟೆ ಮುಚ್ಚಿ. ಚಿತ್ರಮಂದಿರದಲ್ಲಿ ತೋರಿಸುವುದಾದರೆ 1952ರ ಕಾಯ್ದೆಯಡಿ ಪ್ರಮಾಣಪತ್ರ ಬೇಕು, ನಿಮ್ಮ ವಸ್ತುವಿಗೆ ‘ಎ’ ಸಿಗುವುದೇ ಹೆಚ್ಚು, ಅದರ ಜೊತೆಗೆ ಕತ್ತರಿಯೂ ಬಂದೀತು. ಆನ್‌ಲೈನ್ ಎಂದರೆ ಸ್ವತಂತ್ರ ಎಂದು ತಿಳಿಯಬೇಡಿ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 67 ಮತ್ತು 67ಎ ಕಲಮುಗಳು ಅಲ್ಲಿಯೂ ಅನ್ವಯಿಸುತ್ತವೆ. ಚಿತ್ರಕಥೆಯ ಹಂತದಲ್ಲೇ ಒಬ್ಬ ವಕೀಲರಿಗೆ ತೋರಿಸುವುದು ಒಳ್ಳೆಯದು. ಕತ್ತರಿಗೆ ಸಿಕ್ಕ ದೃಶ್ಯ ಹೋದರೂ ಕಥೆ ನಿಲ್ಲುವಂತೆ, ಮೇಲೆ ಹೇಳಿದ ಅಪ್ಪ ಅವ್ವನ ಮುಖಗಳಂಥ ಶಾಟುಗಳನ್ನು ಪ್ರತಿ ಕಥೆಯಲ್ಲೂ ತೆಗೆದಿಟ್ಟುಕೊಳ್ಳಿ.

ಕ್ಯಾಮೆರಾ ಬಾಡಿಗೆಗೆ ಮುಂಗಡ ಕೊಡುವ ಮುಂಚೆ ಒಂದು ದಿನ ಪರೀಕ್ಷೆಗೆ ಮೀಸಲಿಡಿ. ನಿಮ್ಮ ಓಣಿಯಲ್ಲಿ ಹಲ್ಲು ಬಿಟ್ಟು ನಗುವ ಅಜ್ಜನೊಬ್ಬನನ್ನು ಒಪ್ಪಿಸಿ ಸುಣ್ಣದ ಗೋಡೆಯ ಮುಂದೆ ಕೂರಿಸಿ. ಅದೇ ಲೆನ್ಸಿನಲ್ಲಿ, ರಿಫ್ಲೆಕ್ಟರ್ ಇಲ್ಲದೆ, ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 5ಕ್ಕೆ ಒಂದೊಂದು ನಿಮಿಷ ತೆಗೆಯಿರಿ. ಅಜ್ಜನ ಪಕ್ಕದಲ್ಲಿ ಒಂದು ಬುಟ್ಟಿ ರೊಟ್ಟಿ ಇರಲಿ. ಮುಖ, ಗೋಡೆ, ರೊಟ್ಟಿ ಮೂರೂ ಯಾವ ಹೊತ್ತಿನಲ್ಲಿ ಒಂದೇ ಬೆಳಕಿನಲ್ಲಿ ಸರಿಯಾಗಿ ಕಾಣುತ್ತವೆಯೋ, ನಿಮ್ಮ ಪ್ರೇಮಿಗಳ ದೃಶ್ಯವನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ.